ದುರಸ್ತಿಯಲ್ಲಿದ್ದ ಒ.ಟಿ.ಯಲ್ಲಿ ಮದುವೆಯ ಸಡಗರ

ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಆ ವಿಡಿಯೊ 2024ರ ಫೆಬ್ರವರಿಯಲ್ಲಿ ಯಾರ ಮೊಬೈಲಿಗೆ ಬರಲಿಲ್ಲ ಹೇಳಿ? ಆಪರೇಷನ್ ಥಿಯೇಟರಿನಲ್ಲಿ, ಅಂದರೆ ಒ.ಟಿ.ಯಲ್ಲಿ, ಪ್ರೀ-ವೆಡ್ಡಿಂಗ್ ಶೂಟಿಂಗ್. ಅಲ್ಲಿನ ಗುತ್ತಿಗೆ ವೈದ್ಯರೇ ಆದ ವರ ಮಹಾಶಯರದು ಶಸ್ತ್ರಚಿಕಿತ್ಸೆಯ ನಟನೆ, ವಧುವಿನದು ಸಹಾಯ, ಕೊನೆಗೆ ರೋಗಿಯ ವೇಷದವನೇ ಮೇಜಿನ ಮೇಲೆ ಎದ್ದು ಕುಳಿತ. ಇಷ್ಟು ಬೇಗ ಚೇತರಿಸಿಕೊಂಡ ರೋಗಿಯನ್ನು ನಮ್ಮ ಯಾವ ಕಾರ್ಪೊರೇಟ್ ಆಸ್ಪತ್ರೆಯೂ ತೋರಿಸಲಾರದು. ಬಿಲ್ ಕಟ್ಟದೆ ಎದ್ದವನನ್ನಂತೂ ಮೊದಲೇ ಇಲ್ಲ.

ಅದೇ ದಿನಗಳಲ್ಲಿ ಗದಗದ ವೈದ್ಯಕೀಯ ಸಂಸ್ಥೆಯಲ್ಲಿ 38 ವಿದ್ಯಾರ್ಥಿಗಳು ರೀಲ್ಸ್ ಮಾಡಿ ಸಿಕ್ಕಿಬಿದ್ದರು. ಅವರಿಗಾದ ಶಿಕ್ಷೆಯನ್ನು ಓದಿ ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ತರಬೇತಿಯ ಅವಧಿ ಹತ್ತು ದಿನ ವಿಸ್ತರಣೆ! ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ದಿನ ಹೆಚ್ಚಿಗೆ ದುಡಿಯುವುದೇ ಶಿಕ್ಷೆ ಎಂದು ಆಡಳಿತವೇ ಒಪ್ಪಿಕೊಂಡ ಮೇಲೆ, ಯುವ ವೈದ್ಯರು ಹಳ್ಳಿಗೆ ಹೋಗುವುದಿಲ್ಲವೆಂದು ಭಾಷಣ ಬಿಗಿಯುವವರು ಇನ್ನಾದರೂ ಸುಮ್ಮನಾಗಬಹುದು.

ಅಮೆರಿಕದವರು ನಮ್ಮಷ್ಟು ರಸಿಕರಲ್ಲ. 1974ರಲ್ಲಿ ಷಾರ್ಲಟ್ ನಗರದ ಬಳಿ ವಿಮಾನವೊಂದು ಇಳಿಯುವ ಮುನ್ನ ನೆಲಕ್ಕೆ ಬಡಿಯಿತು, 70ಕ್ಕೂ ಹೆಚ್ಚು ಜನ ಸತ್ತರು. ಕಾಕ್‌ಪಿಟ್ಟಿನ ಧ್ವನಿಮುದ್ರಣ ಕೇಳಿದರೆ, ಪೈಲಟ್‌ಗಳು ರಾಜಕೀಯವನ್ನೂ ಹಳೆಯ ಕಾರುಗಳನ್ನೂ ಚರ್ಚಿಸುತ್ತಿದ್ದರು. 1981ರಲ್ಲಿ ನಿಯಮ ಬಂತು: ವಿಮಾನ ಹತ್ತು ಸಾವಿರ ಅಡಿಗಿಂತ ಕೆಳಗಿರುವಾಗ ಕೆಲಸಕ್ಕೆ ಸಂಬಂಧಿಸದ ಮಾತು ಕೂಡದು. ಅರಿವಳಿಕೆ ಕೊಡುವಾಗ, ಹೊಲಿಗೆ ಹಾಕುವ ಮುನ್ನ ಬಟ್ಟೆ-ಉಪಕರಣಗಳನ್ನು ಎಣಿಸುವಾಗ ಇದೇ ಮೌನ ಇರಲಿ ಎಂದು ಶಸ್ತ್ರಚಿಕಿತ್ಸಕರಲ್ಲೇ ಹಲವರು ಹೇಳುತ್ತಾ ಬಂದಿದ್ದಾರೆ. ಪಾಪ, ಅವರಿಗೆ ನಮ್ಮ ಒ.ಟಿ. ಗೊತ್ತಿಲ್ಲ. ವೈದ್ಯರ ಎರಡೂ ಕೈ ರೋಗಿಯ ಹೊಟ್ಟೆಯೊಳಗಿದ್ದರೇನಂತೆ, ಕಿವಿ ಖಾಲಿಯೇ ಇದೆಯಲ್ಲ? ಯಾರಾದರೊಬ್ಬರು ಫೋನ್ ಹಿಡಿದುಕೊಂಡು ನಿಂತರಾಯಿತು. ಆ ಕಡೆ ಶಾಸಕರ ಆಪ್ತ ಸಹಾಯಕರು, ಅಥವಾ ತಿಂಗಳ ವರದಿ ವಾಟ್ಸ್‌ಆ್ಯಪಿಗೆ ಇನ್ನೂ ಬಂದಿಲ್ಲವೆಂದು ಗದರುವ ಮೇಲಧಿಕಾರಿ. ಬಾಗಿಲು ತೆಗೆದು ಇಣುಕುವವರದು ಬೇರೆಯೇ ಮೆರವಣಿಗೆ. ನಡುವೆ ಮಾನಿಟರ್ ಕೂಗಿಕೊಂಡರೆ ಅದರ ಬಾಯಿ ಮುಚ್ಚಿಸಲು ಗುಂಡಿ ಇದೆ. ಅಧಿಕಾರಿಗೆ ಅಂಥ ಗುಂಡಿ ಇಲ್ಲ.

2023ರ ನವೆಂಬರಿನಲ್ಲಿ ನಾಗಪುರ ಜಿಲ್ಲೆಯ ಮೌದಾ ತಾಲ್ಲೂಕಿನಲ್ಲಿ ಚಹಾ ಸಿಗಲಿಲ್ಲವೆಂದು ವೈದ್ಯರೊಬ್ಬರು ಶಸ್ತ್ರಚಿಕಿತ್ಸೆಗಳನ್ನು ಅರ್ಧಕ್ಕೆ ಬಿಟ್ಟು ಹೊರಟರೆಂಬ ಸುದ್ದಿಯನ್ನೂ ಚಪ್ಪರಿಸಿದ್ದೆವು. ಸಂತಾನಹರಣ ಚಿಕಿತ್ಸೆಗೆ ಬಂದವರು ಎಂಟು ಮಹಿಳೆಯರು. ನಾಲ್ವರದು ಮುಗಿದಿತ್ತು, ಉಳಿದವರಿಗೆ ಅರಿವಳಿಕೆ ಕೊಟ್ಟಾಗಿತ್ತು. ತಮಗೆ ಮಧುಮೇಹವಿದೆ ಎಂದು ವೈದ್ಯರು ಆಮೇಲೆ ಸಮಜಾಯಿಷಿ ಕೊಟ್ಟರು. ಮಂಪರಿನಲ್ಲಿ ಮಲಗಿರುವವರನ್ನು ಬಿಟ್ಟು ಹೋಗುವುದಕ್ಕೆ ಯಾವ ಸಮಜಾಯಿಷಿಯೂ ಸಾಲದು, ಸರಿ. ಆದರೆ ಒಬ್ಬರೇ ವೈದ್ಯರ ಮುಂದೆ ಎಂಟು ಜನರನ್ನು ಸಾಲಾಗಿ ಮಲಗಿಸಿದವರು ಯಾರು? ಗುರಿ ಮುಟ್ಟಿದ ಅಂಕಿ ಅಂಶ ಯಾರಿಗೆ ಬೇಕಿತ್ತು? ಚಹಾದಲ್ಲಿರುವ ರುಚಿ ಈ ಪ್ರಶ್ನೆಗಳಲ್ಲಿಲ್ಲ, ನೋಡಿ.

ಭರಮಸಾಗರದಲ್ಲೂ ಹಾಗೆಯೇ ಆಯಿತು. ವಿಡಿಯೊ ಹರಿದಾಡಿದ ಬೆನ್ನಲ್ಲೇ ಗುತ್ತಿಗೆ ವೈದ್ಯರ ವಜಾ. ಆರೋಗ್ಯ ಸಚಿವರಿಂದಲೇ ಖಡಕ್ ಎಚ್ಚರಿಕೆ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಚಪ್ಪಾಳೆಯ ಸದ್ದಿನಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗಳ ಇನ್ನೊಂದು ಮಾತು ಕೇಳಿಸಲೇ ಇಲ್ಲ. ಆ ಕೊಠಡಿ ಸೆಪ್ಟೆಂಬರಿನಿಂದ ಬಳಕೆಯಲ್ಲಿಲ್ಲ, ದುರಸ್ತಿಯಲ್ಲಿದೆ ಎಂದಿದ್ದರು ಅವರು. ತಪ್ಪನ್ನು ಸಣ್ಣದು ಮಾಡಲೆಂದೇ ಹೇಳಿರಬೇಕು. ಅಂದರೆ ನಾಲ್ಕೈದು ತಿಂಗಳು ಅಲ್ಲಿ ಒಂದು ಕತ್ತರಿಯೂ ಆಡಿಲ್ಲ, ಒಂದು ಕೂಸೂ ಅತ್ತಿಲ್ಲ.

ಇದೇನಾ ಸಮಾಧಾನ? ರೋಗಿಗಳಿಗೇನೂ ತೊಂದರೆಯಾಗಿಲ್ಲ, ಏಕೆಂದರೆ ರೋಗಿಗಳಿಗೆ ಆ ಕೊಠಡಿಯೇ ಇರಲಿಲ್ಲ! ಅಷ್ಟು ದಿನ ಹೆರಿಗೆ ನೋವು ತಿನ್ನುತ್ತಾ ಹೆದ್ದಾರಿ ಹಿಡಿದು ಚಿತ್ರದುರ್ಗಕ್ಕೋ ದಾವಣಗೆರೆಗೋ ಓಡಬೇಕಾದವರನ್ನು ಯಾರೂ ವಿಡಿಯೊ ಮಾಡಲಿಲ್ಲ. ಮಾಡಿದ್ದರೂ ನಾವು ಮುಂದಕ್ಕೆ ಕಳಿಸುತ್ತಿರಲಿಲ್ಲ. ವೈದ್ಯರು ಅಲ್ಲಿಗೆ ಬಂದು ತಿಂಗಳಷ್ಟೇ ಆಗಿತ್ತು, ಅವರ ಕೆಲಸ ಹೋಯಿತು. ದುರಸ್ತಿ ಮುಗಿಸದೆ ತಿಂಗಳುಗಟ್ಟಲೆ ಬಾಗಿಲು ಹಾಕಿಟ್ಟವರಿಗೆ ಒಂದು ನೋಟಿಸಾದರೂ ಹೋಯಿತೇ ಎಂದು ನಾನು ನೋಡಿದ ಯಾವ ಟಿ.ವಿ. ಚರ್ಚೆಯಲ್ಲೂ ಯಾರೂ ಕೇಳಲಿಲ್ಲ.