ಪಾವಗಡದ ಸೌರ ಉದ್ಯಾನ: ಪಹಣಿ ಇಲ್ಲದವರ ಪಾಲು ಎಲ್ಲಿದೆ?

ಸರ್ಕಾರ ಮತ್ತು ಖಾಸಗಿ ಕಂಪನಿಗಳು ಕೈಜೋಡಿಸಿದರೆ ಹಳ್ಳಿಗಳು ಉದ್ಧಾರವಾಗುತ್ತವೆಯೇ ಎಂಬ ಚರ್ಚೆ ಬಂದಾಗಲೆಲ್ಲ ನಮ್ಮ ರಾಜ್ಯದಲ್ಲಿ ಮೊದಲು ಕೇಳಿಬರುವ ಹೆಸರು ಪಾವಗಡದ ಸೌರ ಉದ್ಯಾನದ್ದು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು ಮತ್ತು ರ್ಯಾಪ್ಟೆ ಎಂಬ ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಈ ಉದ್ಯಾನವನ್ನು ಇನ್ನಷ್ಟು ವಿಸ್ತರಿಸುವ ಮಾತು ಸರ್ಕಾರದ ಮಟ್ಟದಲ್ಲಿ ನಡೆದಿದೆ. ಹೊಸ ಒಪ್ಪಂದಗಳಿಗೆ ಸಹಿ ಬೀಳುವ ಮೊದಲು ಹಳೆಯ ಒಪ್ಪಂದದಲ್ಲಿ ಯಾರು ಒಳಗಿದ್ದರು, ಯಾರು ಹೊರಗುಳಿದರು ಎಂಬುದನ್ನು ನೋಡುವುದು ಒಳ್ಳೆಯದು.

ಮೊದಲಿಗೆ, ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಇಲ್ಲಿ ಸರ್ಕಾರ ರೈತರ ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, 28 ವರ್ಷಗಳ ಗುತ್ತಿಗೆಗೆ ಪಡೆಯಿತು. ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮವಾದ ಕ್ರೆಡಲ್ ಮತ್ತು ಕೇಂದ್ರದ ಸೌರಶಕ್ತಿ ನಿಗಮ ಸೇರಿ 2015ರಲ್ಲಿ ಕಟ್ಟಿದ ಜಂಟಿ ಸಂಸ್ಥೆಯೊಂದು ಭೂಮಿಯನ್ನು ಒಟ್ಟುಗೂಡಿಸಿ, ರಸ್ತೆ ಮತ್ತು ವಿದ್ಯುತ್ ಉಪಕೇಂದ್ರಗಳ ವ್ಯವಸ್ಥೆ ಮಾಡಿ, ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ನಿವೇಶನಗಳನ್ನು ಹಂಚಿತು. ಫಲಕ ಹೂಡಿ ವಿದ್ಯುತ್ ಉತ್ಪಾದಿಸುವುದಷ್ಟೇ ಕಂಪನಿಗಳ ಕೆಲಸ. ಮಳೆಯನ್ನೇ ನೆಚ್ಚಿ ಕಡಲೇಕಾಯಿ ಬಿತ್ತಿ, ಬರಗಾಲ ಬಂದಾಗ ಬೆಂಗಳೂರಿನ ಬಸ್ಸು ಹತ್ತುತ್ತಿದ್ದ ರೈತನಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಮಳೆ ಬಂದರೂ ಬಾರದಿದ್ದರೂ ಕೈಸೇರುವಂತಾಯಿತು. ಜಮೀನಿನ ಒಡೆತನವೂ ಅವನಲ್ಲೇ ಉಳಿಯಿತು. ಭೂಸ್ವಾಧೀನದ ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟಿಗೆ ಅಲೆಯುವ ಕುಟುಂಬಗಳನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ ಎಂಬುದು ತಿಳಿದಿರುತ್ತದೆ.

ಆದರೆ ಬಾಡಿಗೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಪ್ಪಂದದ ಪ್ರಕಾರ ಅದು ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ, ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ ಶೇ 2.5. ಹತ್ತು ವರ್ಷ ಕಳೆಯುವ ಹೊತ್ತಿಗೆ 21 ಸಾವಿರವು 26,800 ರೂಪಾಯಿಯ ಆಸುಪಾಸಿಗೆ ಬಂದಿರುತ್ತದೆ. ಹಣದುಬ್ಬರವನ್ನು ಶೇ 4ರ ಮಟ್ಟದಲ್ಲಿ ಹಿಡಿದಿಡುವುದು ರಿಸರ್ವ್ ಬ್ಯಾಂಕಿನದೇ ಗುರಿ. ಆ ಗುರಿ ಈಡೇರಿದರೂ ಬಾಡಿಗೆ ಬೆಲೆಯೇರಿಕೆಯ ಹಿಂದೆಯೇ ಉಳಿಯುತ್ತದೆ, ಈಡೇರದಿದ್ದರೆ ಇನ್ನೂ ಹಿಂದೆ. ಅಂಕಿಯಲ್ಲಿ ಏರುತ್ತಾ ಬೆಲೆಯಲ್ಲಿ ಇಳಿಯುವ ಈ ಹಣವನ್ನೇ ನಂಬಿ 28 ವರ್ಷ ದೂಡಬೇಕಾದವರು ಒಪ್ಪಂದದಲ್ಲಿ ‘ಫಲಾನುಭವಿ’ಗಳು. ವಿಸ್ತರಣೆಯ ಗುತ್ತಿಗೆ ಪತ್ರಗಳಲ್ಲಾದರೂ ಏರಿಕೆಯನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಬೇಕು.

ನನ್ನ ಮುಖ್ಯ ತಕರಾರು ಬಾಡಿಗೆಯದಲ್ಲ, ಬಾಡಿಗೆಯೇ ಸಿಗದವರದು. ಒಂದು ಎಕರೆ ಕಡಲೇಕಾಯಿ ಹೊಲವನ್ನು ಪಹಣಿದಾರನೊಬ್ಬನೇ ಉಣ್ಣುತ್ತಿರಲಿಲ್ಲ. ಬಿತ್ತನೆಗೆ, ಕಳೆಗೆ, ಗಿಡ ಕೀಳಲು, ಕಾಯಿ ಬಿಡಿಸಲು ಕೂಲಿ ಹೆಂಗಸರು ಬರುತ್ತಿದ್ದರು. ಒಣಗಿದ ಬಳ್ಳಿ ದನಗಳಿಗೆ ಮೇವಾಗುತ್ತಿತ್ತು. ಕೊಯ್ಲು ಮುಗಿದ ಹೊಲದಲ್ಲಿ ಕುರಿಗಾಹಿ ಮಂದೆ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಅವನಿಗೆ ನಾಲ್ಕು ಕಾಸು ಅಥವಾ ದವಸ. ಮಳೆ ಕೈಕೊಟ್ಟ ವರ್ಷ ಈ ಏರ್ಪಾಟು ಎಲ್ಲರನ್ನೂ ಒಟ್ಟಿಗೆ ಕೈಬಿಡುತ್ತಿತ್ತು ಎಂಬುದೂ ನಿಜ. ಆದರೆ ಬೇಲಿ ಬಿದ್ದ ಮೇಲೆ ಪಹಣಿದಾರನಿಗೆ ಬಾಡಿಗೆ ಬಂತು, ಉಳಿದವರಿಗೆ ಬೇಲಿಯಷ್ಟೇ ಬಂತು. ಅಪ್ಪನ ಕಾಲದಿಂದ ಉಳುಮೆ ಮಾಡಿಯೂ ದಾಖಲೆಯಲ್ಲಿ ಹೆಸರಿಲ್ಲದವನೂ ಈ ಉಳಿದವರ ಸಾಲಿನಲ್ಲೇ ನಿಂತ. ಉದ್ಯಾನದೊಳಗಿನ ಕೆಲಸಗಳೆಂದರೆ ಕಾವಲು ಕಾಯುವುದು, ಹುಲ್ಲು ಕೀಳುವುದು, ಫಲಕ ತೊಳೆಯುವುದು. ಅವೂ ಗುತ್ತಿಗೆದಾರರ ಮೂಲಕ, ಕೆಲವರಿಗೆ ಮಾತ್ರ. (ಫಲಕಗಳ ಕೆಳಗಿನ ಹುಲ್ಲನ್ನು ಕೂಲಿ ಕೊಟ್ಟು ಕೀಳಿಸುವ ಬದಲು ಅಲ್ಲಿ ಕುರಿ ಮೇಯಿಸುವುದು ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಆಡಾದರೆ ಫಲಕದ ಮೇಲೆ ಹತ್ತೀತು, ಕುರಿಗೆ ಆ ಚಾಳಿಯಿಲ್ಲ. ಕುರಿಗಾಹಿಗಳ ನಾಡಿನಲ್ಲೇ ಇದನ್ನು ಒಪ್ಪಂದದೊಳಗೆ ತರಬೇಕೆಂದು ಯಾರಿಗೂ ತೋಚಲಿಲ್ಲವೇ?)

ಇದಕ್ಕೆ ಕಂಪನಿಗಳ ಕಡೆಯಿಂದ ಬರುವ ಉತ್ತರ ಸಾಮಾಜಿಕ ಹೊಣೆಗಾರಿಕೆಯ ನಿಧಿ, ಅಂದರೆ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಇದಕ್ಕೆ ಖರ್ಚು ಮಾಡಬೇಕು, ತಾವು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಶಾಲಾ ಕೊಠಡಿಯೋ ಶುದ್ಧ ನೀರಿನ ಘಟಕವೋ ಬಂದರೆ ಬೇಡವೆನ್ನಲು ನಾನು ಯಾರು? ಆದರೆ ಯಾವ ಊರಿಗೆ ಏನು ಬೇಕು ಎಂಬುದನ್ನು ತೀರ್ಮಾನಿಸುವುದು ಕಂಪನಿಯ ಸಮಿತಿ. ಲಾಭ ಬರದ ವರ್ಷ ಆ ಹಣ ಸೊರಗುತ್ತದೆ. ದಾನಿಯೊಬ್ಬ ಮನಸ್ಸು ಬಂದಾಗ ಕೊಡುವುದಕ್ಕೂ ಪಾಲುದಾರನೊಬ್ಬ ಹಕ್ಕಿನಿಂದ ಪಡೆಯುವುದಕ್ಕೂ ಇರುವ ಅಂತರವನ್ನು ನಮ್ಮ ಅಭಿವೃದ್ಧಿ ಯೋಜನೆಗಳು ಬೇಕೆಂದೇ ಮಸುಕಾಗಿಸುತ್ತವೆ ಎಂಬುದು ನನ್ನ ಗುಮಾನಿ.

ಹಾಗಾದರೆ ಊರನ್ನು ಪಾಲುದಾರನನ್ನಾಗಿ ಮಾಡುವುದು ಹೇಗೆ? ನನಗೆ ಕಾಣುವ ದಾರಿ ಸರಳವಾದದ್ದು. ಉತ್ಪಾದನೆಯಾಗುವ ಪ್ರತಿ ಯೂನಿಟ್‌ಗೆ ಒಂದು ಪೈಸೆಯನ್ನು ಆಯಾ ಗ್ರಾಮ ಪಂಚಾಯಿತಿಯ ಪ್ರತ್ಯೇಕ ಖಾತೆಗೆ ಕಟ್ಟಬೇಕೆಂಬ ಷರತ್ತು ಹರಾಜಿನ ದಾಖಲೆಯಲ್ಲೇ ಇರಲಿ. 2,050 ಮೆಗಾವಾಟ್‌ನ ಉದ್ಯಾನ ತನ್ನ ಪೂರ್ಣ ಸಾಮರ್ಥ್ಯದ ಐದನೇ ಒಂದು ಭಾಗದಷ್ಟು ಉತ್ಪಾದಿಸುತ್ತದೆ ಎಂದು ಹಿಡಿದರೂ ವರ್ಷಕ್ಕೆ ಸುಮಾರು 359 ಕೋಟಿ ಯೂನಿಟ್ ಆಗುತ್ತದೆ, ಒಂದು ಪೈಸೆಯ ಲೆಕ್ಕದಲ್ಲಿ ಮೂರೂವರೆ ಕೋಟಿ ರೂಪಾಯಿ ದಾಟುತ್ತದೆ. ಐದು ಊರುಗಳ ಭೂರಹಿತ ಕುಟುಂಬಗಳ ದೃಷ್ಟಿಯಿಂದ ಇದು ದೊಡ್ಡ ಮೊತ್ತ, ವಿದ್ಯುತ್ ದರದ ದೃಷ್ಟಿಯಿಂದ ಲೆಕ್ಕಕ್ಕೇ ಬಾರದ್ದು. ಕಂಪನಿಗೆ ಲಾಭ ಬಂತೋ ಇಲ್ಲವೋ ಎಂದು ಕಾಯಬೇಕಿಲ್ಲ, ಮೀಟರ್ ಓಡಿದರೆ ಸಾಕು.

ಪಂಚಾಯಿತಿಯ ಕೈಗೆ ಹಣ ಕೊಟ್ಟರೆ ಅದು ಗುತ್ತಿಗೆದಾರರ ಜೇಬು ಸೇರುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ, ಅದರಲ್ಲಿ ಹುರುಳಿಲ್ಲವೆಂದು ನಾನೂ ಹೇಳಲಾರೆ. ಅದಕ್ಕಾಗಿಯೇ ಖರ್ಚಿನ ಕ್ರಿಯಾಯೋಜನೆಗೆ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಬೇಕು, ಭೂರಹಿತರ ಮತ್ತು ಕುರಿಗಾಹಿಗಳ ಪಾಲನ್ನು ಮೊದಲೇ ಎತ್ತಿಡಬೇಕು, ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಈ ಖಾತೆಯ ಲೆಕ್ಕವನ್ನೂ ಊರಿನ ಮುಂದಿಡಬೇಕು. ಈ ಷರತ್ತನ್ನು ಹರಾಜಿಗೆ ಮೊದಲೇ ಸೇರಿಸಿದರೆ ಕಂಪನಿಗಳು ಅದನ್ನು ಲೆಕ್ಕ ಹಾಕಿಕೊಂಡೇ ದರ ಕೂಗುತ್ತವೆ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಕೇಳಿದರೆ 25 ವರ್ಷಗಳ ವಿದ್ಯುತ್ ಖರೀದಿ ಕರಾರನ್ನು ಮುಂದಿಟ್ಟು, ಇದಕ್ಕೆ ಅವಕಾಶವಿಲ್ಲ ಎನ್ನುತ್ತಾರೆ. ಆಗ ಅವರ ಮಾತು ಕಾನೂನಿನ ಪ್ರಕಾರ ಸರಿಯೇ ಆಗಿರುತ್ತದೆ.