ಹೊಸ ಗೋಡೆಗೆ ಹಳೆಯ ಬಿರುಕು

ಮನೆಯೊಂದು ಹಳೆಯದಾಗಬೇಕಾದರೆ ಮೊದಲೆಲ್ಲ ಎರಡು ತಲೆಮಾರು ಅದರಲ್ಲಿ ಬಾಳಿ ಹೋಗಬೇಕಿತ್ತು. ಹುಬ್ಬಳ್ಳಿ-ಧಾರವಾಡದ ಹೊಸ ಬಡಾವಣೆಗಳಲ್ಲಿ ಈಗ ಆ ಕೆಲಸ ಹದಿನೈದು ದಿನಗಳಲ್ಲಿ ಮುಗಿಯುತ್ತದೆ. ಚದರಡಿ ಲೆಕ್ಕ, ಅರ್ಧ ಹಣ ಮುಂಗಡ. ಇದಕ್ಕೆ ಕಾಟೇಜ್ ಶೈಲಿ, ಅಂದರೆ ಪರದೇಶದ ಹಳ್ಳಿಮನೆಯ ಶೈಲಿ ಎಂದು ಹೆಸರು. ಗೃಹಪ್ರವೇಶದ ದಿನವೇ ಮನೆಗೆ ನೂರು ವರ್ಷ ತುಂಬಿರಬೇಕು. ಕಿಟಕಿಯ ಬಣ್ಣ ಎದ್ದಿರಬೇಕು, ಮೇಜಿನ ಮೂಲೆ ಸವೆದಿರಬೇಕು, ಬಾಗಿಲನ್ನು ಹುಳು ತಿಂದಿರಬೇಕು. ಆದರೆ ನಲ್ಲಿ ಸೋರಬಾರದು, ವೈಫೈ ನಿಲ್ಲಬಾರದು.

ನಮ್ಮ ಓಣಿಯಲ್ಲಿ ಸರ್ಕಾರಿ ನೌಕರಿಯಿಂದ ನಿವೃತ್ತರಾದ ಸಾಹೇಬರೊಬ್ಬರು ಮನೆ ಕಟ್ಟಿಸಿದರು. ಒಳಾಂಗಣ ಮಾಡಿಕೊಡಲು ಬಂದ ಹುಡುಗಿ ಟ್ಯಾಬ್ ತೆರೆದು, "ಕಾಕಾ, ನಿಮಗೆ ಯಾವ ಕಾಟೇಜು ಬೇಕು? ಇಂಗ್ಲಿಷರದೋ, ಫ್ರೆಂಚರದೋ, ಸ್ವೀಡನ್ನಿನದೋ, ಕಡಲತೀರದ್ದೋ?" ಎಂದು ಕೇಳಿದಳು. ಮೂವತ್ತೈದು ವರ್ಷ ಜನರ ಅರ್ಜಿಗಳನ್ನು ವಿಲೇವಾರಿ ಮಾಡಿದ ಮನುಷ್ಯ ಮೊದಲ ಸಲ ತಾವೇ ಅರ್ಜಿದಾರರಂತೆ ಕೈಕಟ್ಟಿ ಕುಳಿತರು.

ಆಯ್ಕೆ ನಿಜಕ್ಕೂ ಕಷ್ಟದ್ದು. ಕಡಲತೀರದ ಶೈಲಿಗೆ ಹಗ್ಗ, ಶಂಖ, ಮರದ ಹುಟ್ಟು ಬೇಕು. ಹತ್ತಿರದ ಜಲರಾಶಿ ಉಣಕಲ್ ಕೆರೆ. ಫ್ರೆಂಚರ ಹಳ್ಳಿಮನೆಗೆ ಲ್ಯಾವೆಂಡರ್ ಹೂವು, ತೂಗುಹಾಕಿದ ತಾಮ್ರದ ಪಾತ್ರೆ. ಸ್ವೀಡನ್ನಿನದರಲ್ಲಿ ನೆಲದಿಂದ ಜಂತಿಯವರೆಗೆ ಬಿಳಿ. ಅಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಸೂರ್ಯ ಮುಳುಗುತ್ತಾನೆ; ಸಿಕ್ಕಷ್ಟು ಬೆಳಕು ಗೋಡೆಯ ಮೇಲಾದರೂ ನಿಲ್ಲಲಿ ಎಂದು ಬಿಳಿ ಬಳಿಯುತ್ತಾರೆ. ಏಪ್ರಿಲ್‌ನ 38 ಡಿಗ್ರಿ ಬಿಸಿಲಿಗೆ ಹೆದರಿ ಬೆಳಿಗ್ಗೆಯೇ ಪರದೆ ಎಳೆದು ಕೂರುವ ಹುಬ್ಬಳ್ಳಿಯವರೂ ಆ ಬಿಳಿಯನ್ನೇ ಕೇಳುತ್ತಾರೆ. ನೀರಿನ ಪೈಪಿಗೆಂದು ಅಗೆದ ರಸ್ತೆಯನ್ನು ಮುಚ್ಚಿ, ಒಳಚರಂಡಿಗೆಂದು ಮತ್ತೆ ಅಗೆಯುವ ಊರು ನಮ್ಮದು. ಬಿಳಿ ಸೋಫಾ ಬಂದ ವಾರದೊಳಗೆ ಅದಕ್ಕೆ ತನ್ನಿಂದ ತಾನೇ ಹಳೆಯ ಕಳೆ ಬರುತ್ತದೆ. ಅದಕ್ಕೆ ಮಾತ್ರ ಯಾರೂ ಹಣ ಕೊಡುವುದಿಲ್ಲ, ಒಗೆಯಲು ಕೊಡುತ್ತಾರೆ.

ಸಾಹೇಬರು ಇಂಗ್ಲಿಷರದನ್ನು ಆರಿಸಿದರು. ಇಂಗ್ಲಿಷರದು ಎಂದ ಮೇಲೆ ಅಗ್ಗಿಷ್ಟಿಕೆ ಬೇಕೇ ಬೇಕು. ಹೊಗೆಗೊಳವೆ ಇಲ್ಲದ ಆ ಅಗ್ಗಿಷ್ಟಿಕೆಯಲ್ಲಿ ಪ್ಲಾಸ್ಟಿಕ್ಕಿನ ಕೊರಡುಗಳು, ಅವುಗಳ ಹಿಂದೆ ಎಲ್‌ಇಡಿ ಜ್ವಾಲೆ, ನೆತ್ತಿಯ ಮೇಲೆ ಒಂದೂವರೆ ಟನ್ನಿನ ಎಸಿ. ಅತಿಥಿಗಳು ಬಂದಾಗ ಎರಡನ್ನೂ ಒಟ್ಟಿಗೆ ಹಾಕುತ್ತಾರೆ. ಅಡುಗೆಮನೆಗೆ ಹಳ್ಳಿಮನೆ ಮಾದರಿಯ ಅಗಲವಾದ ಬಿಳಿ ಸಿಂಕು ಬಂದಿದೆ. ನಲ್ಲಿಗೆ ನೀರು ಬಿಡುವ ದಿನ ಕೊಡ, ಡ್ರಮ್ಮುಗಳ ಜೊತೆಗೆ ಅದನ್ನೂ ತುಂಬಿಸಿ ಹಲಗೆ ಮುಚ್ಚಿಡುತ್ತಾರೆ. ಇಡೀ ಮನೆಯಲ್ಲಿ ಉಪಯೋಗಕ್ಕೆ ಬಂದ ಕಾಟೇಜ್ ವಸ್ತು ಅದೊಂದೇ.

ಬಡಿಗರ ಕೆಲಸ ನೋಡಲು ನಾನು ಆಗಾಗ ಹೋಗಿ ನಿಲ್ಲುತ್ತಿದ್ದೆ. ಅಣ್ಣಿಗೇರಿಯ ಕಡೆಯ ಹಿರಿಯರು. ಕೂಡು ಹಾಕಿದರೆ ನಡುವೆ ಕಾಗದ ತೂರುವುದಿಲ್ಲ. ದಾಂಡೇಲಿಯ ಸಾಗವಾನಿಯಿಂದ ಒಂದು ಬಾಗಿಲು ಮಾಡಿ, ಕೈಯಾಡಿಸಿ, ಗೋಡೆಗೆ ಒರಗಿಸಿಟ್ಟಿದ್ದರು. ಮರುದಿನ ಅದನ್ನು ಕೆಡಿಸಬೇಕೆಂಬ ಅಪ್ಪಣೆ ಬಂತು. ವಿಧಾನ ಇದು: ಮೊದಲು ಕಂದು ಬಣ್ಣ ಹಚ್ಚಬೇಕು. ಒಣಗಿದ ಮೇಲೆ ಅಂಚು, ಮೂಲೆ, ಹಿಡಿಕೆಯ ಸುತ್ತ ಮೇಣದಬತ್ತಿ ತಿಕ್ಕಬೇಕು. ಅದರ ಮೇಲೆ ಬಿಳಿ ಬಣ್ಣ ಬಳಿದು, ಪಾಲಿಷ್ ಪೇಪರಿನಿಂದ ಉಜ್ಜಿದರೆ ಮೇಣ ಇದ್ದಲ್ಲೆಲ್ಲ ಬಿಳಿ ಎದ್ದು ಬಂದು ಒಳಗಿನ ಕಂದು ಕಾಣುತ್ತದೆ. ಆಮೇಲೆ ಕಬ್ಬಿಣದ ಸರಪಳಿಯಿಂದ ಅಲ್ಲಲ್ಲಿ ಹೊಡೆದು ತಗ್ಗು ಮಾಡಬೇಕು. ಕೊನೆಗೆ ದಬ್ಬಣದಿಂದ ಸಣ್ಣ ಸಣ್ಣ ತೂತು ಚುಚ್ಚಬೇಕು. ಅವು ಕೊರೆಹುಳುವಿನ ತೂತುಗಳು. ಸರಪಳಿ ಎತ್ತಿಕೊಂಡ ಬಡಿಗರು ಸಾಹೇಬರ ಮುಖ ನೋಡಿ, "ಸರ್, ಎಷ್ಟು ಹಾಳು ಮಾಡಲಿ?" ಎಂದು ಕೇಳಿದರು. ಸಾಹೇಬರು ಹುಡುಗಿಯ ಮುಖ ನೋಡಿದರು. ಅವಳು ಟ್ಯಾಬ್ ನೋಡಿ, "ಮಧ್ಯಮ" ಎಂದಳು. ಅದೇ ದಿನ ಸಂಜೆ ಗೆದ್ದಲು ನಿವಾರಣೆಯವರು ಬಂದು ಅದೇ ಬಾಗಿಲಿಗೆ ಔಷಧ ಹೊಡೆದು, ಹುಳು ಬೀಳದಂತೆ ಐದು ವರ್ಷದ ಖಾತರಿ ಬರೆದುಕೊಟ್ಟರು.

ಈ ಚಟ ಹೊಸದೇನಲ್ಲ. ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ವರ್ಸೇಲ್ಸ್ ಅರಮನೆಯ ಆವರಣದಲ್ಲಿ 1783ರಲ್ಲಿ ಒಂದು ಹಳ್ಳಿಯನ್ನೇ ಕಟ್ಟಿಸಲು ತೊಡಗಿದಳು. ಹುಲ್ಲಿನ ಸೂರು, ಕೊಳ, ಹಾಲಿನ ಮನೆ, ದನಕರು ಎಲ್ಲವೂ ಇದ್ದವು. ಹೊಸ ಗೋಡೆಗಳು ಬಡವರ ಮನೆಯಂತೆ ಕಾಣಲಿ ಎಂದು ಬಣ್ಣಗಾರರಿಂದ ಅವುಗಳ ಮೇಲೆ ಬಿರುಕು ಬರೆಸಿದರು. ಒಳಗೆ ಮಾತ್ರ ರಾಣಿಗೆ ತಕ್ಕ ಪೀಠೋಪಕರಣ. ಆರು ವರ್ಷ ಕಳೆದ ಮೇಲೆ, ಕ್ರಾಂತಿ ಎದ್ದಾಗ, ನಿಜವಾದ ಬಿರುಕಿನ ಮನೆಗಳಿಂದ ಹೊರಟ ಜನ ಅರಮನೆಯ ಬಾಗಿಲಿಗೆ ಬಂದರು. ಕಾಟೇಜ್ ಶೈಲಿಯ ಕೈಪಿಡಿಗಳು ಈ ಭಾಗಕ್ಕೆ ಬಂದಾಗ ಪರದೆಯ ಬಣ್ಣದ ವಿಷಯ ಎತ್ತಿಕೊಳ್ಳುತ್ತವೆ.

ಪರದೆಯದಾದರೂ ಇನ್ನೊಂದು ಕಥೆ. ಹೂಬಳ್ಳಿಯ ಅಚ್ಚು ಬಟ್ಟೆಯಿಲ್ಲದೆ ಇಂಗ್ಲಿಷ್ ಕಾಟೇಜ್ ಇಲ್ಲ. ಆ ಬಟ್ಟೆ ಮೊದಲು ಹಡಗು ಹತ್ತಿದ್ದು ನಮ್ಮ ಗುಜರಾತಿನಿಂದ, ಪೂರ್ವದ ಕೋರಮಂಡಲ ಕರಾವಳಿಯಿಂದ. ಇಂಗ್ಲೆಂಡಿನ ಹೆಂಗಸರು ಅದಕ್ಕೆ ಎಷ್ಟು ಮರುಳಾದರೆಂದರೆ, ತಮ್ಮ ಉಣ್ಣೆ-ರೇಷ್ಮೆ ನೇಕಾರರು ಬೀದಿಗೆ ಬೀಳುತ್ತಾರೆ ಎಂದು ಹೆದರಿದ ಬ್ರಿಟಿಷ್ ಸಂಸತ್ತು 1721ರಲ್ಲಿ ಅಚ್ಚು ಹಾಕಿದ ಹತ್ತಿ ಬಟ್ಟೆ ಉಡುವುದನ್ನೇ ನಿಷೇಧಿಸಿತು. ಈಗ ಅದೇ ಬಟ್ಟೆ ಪಾಲಿಯೆಸ್ಟರಿನ ಅವತಾರದಲ್ಲಿ, ಇಂಗ್ಲಿಷರ ಗ್ರಾಮೀಣ ಪರಂಪರೆ ಎಂಬ ಚೀಟಿ ಅಂಟಿಸಿಕೊಂಡು ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಕೂಗಳತೆಯ ದೂರದಲ್ಲಿ ಮೀಟರಿನ ಲೆಕ್ಕದಲ್ಲಿ ಮಾರಾಟವಾಗುತ್ತಿದೆ. ಸಾಹೇಬರ ಮಂಚದ ಮೇಲಿನ ತೇಪೆ ಹೊದಿಕೆಯೂ ಹೀಗೆಯೇ. ಹತ್ತಿರ ಹೋಗಿ ಉಗುರಿನಿಂದ ಕೆರೆದು ನೋಡಿದೆ, ಒಂದೂ ಹೊಲಿಗೆಯಿಲ್ಲ. ತೇಪೆಗಳನ್ನೂ ಹೊಲಿಗೆಯ ಗೆರೆಗಳನ್ನೂ ಒಂದೇ ಬಟ್ಟೆಯ ಮೇಲೆ ಅಚ್ಚು ಹಾಕಿದ್ದಾರೆ. ಅವರ ತಾಯಿ ಹಳೆಯ ಇಳಕಲ್ ಸೀರೆಗಳಿಂದ ಹೊಲಿದ ಕೌದಿ ಹೊರಗೆ ಸ್ಕೂಟರಿಗೆ ಹೊದಿಕೆಯಾಗಿದೆ.

ಹಾಗೆಂದು ಹಳೆಯ ಮನೆಗಳ ಭಜನೆ ಮಾಡುವವನು ನಾನಲ್ಲ. ನವಲಗುಂದದ ಕಡೆಯ ಮಣ್ಣಿನ ಮಾಳಿಗೆ ಮನೆ ಬೇಸಿಗೆಯಲ್ಲಿ ತಂಪು, ನಿಜ. ಆದರೆ ಪ್ರತಿವರ್ಷ ಮಳೆಗಿಂತ ಮೊದಲು ಮೇಲ್ಮುದ್ದೆಗೆ ಮಣ್ಣು ಹೊತ್ತು ಹಾಕಿ ತುಳಿಯಬೇಕು. ಜಂತಿಯ ಸಂದಿನಿಂದ ಚೇಳು ಬೀಳುತ್ತದೆ. ಬೆಳಕಿಂಡಿ ಒಂದೇ ಇರುವ ಅಡುಗೆಮನೆಯಲ್ಲಿ ಹೊಗೆಗೆ ಕಣ್ಣು ಕಳೆದುಕೊಂಡವರು ಫೋಟೋಗಳಲ್ಲಿ ಬರುವುದಿಲ್ಲ. ಸಾಹೇಬರ ಮನೆತನದ್ದೂ ಅಂಥದೇ ಮನೆ. ಅದನ್ನು ಕೆಡವಿದಾಗ ಕೆತ್ತನೆಯ ಕಂಬಗಳನ್ನು ಹಳೆ ಕಟ್ಟಿಗೆಯ ವ್ಯಾಪಾರಿ ತೂಕದ ಲೆಕ್ಕದಲ್ಲಿ ಒಯ್ದ. ಇರಲಿ, ಅವು ಯಾವುದೋ ರೆಸಾರ್ಟಿನಲ್ಲಿ ನಮಗಿಂತ ಸುಖವಾಗಿರಬಹುದು.

ನನಗೆ ಸೋಜಿಗವೆನಿಸುವುದು ಬೇರೆ. 2019ರ ಆಗಸ್ಟ್ ತಿಂಗಳಲ್ಲಿ ಮಳೆ ಬಿಡದೆ ಸುರಿದು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳು ಓಣಿ ಓಣಿಯಾಗಿ ಕುಸಿದವು. ಪರಿಹಾರಕ್ಕೆ ಎ, ಬಿ, ಸಿ ಎಂದು ವರ್ಗ ಮಾಡಿದರು. ಪೂರ್ತಿ ಬಿದ್ದರೆ ಎ, ಐದು ಲಕ್ಷ. ಅಲ್ಪಸ್ವಲ್ಪ ಹಾನಿಯಾದರೆ ಸಿ, ಐವತ್ತು ಸಾವಿರ. ಆಗ ಇನ್ನೂ ನೌಕರಿಯಲ್ಲಿದ್ದ ನಮ್ಮ ಸಾಹೇಬರೂ ಕಡತ ಹಿಡಿದು ಕೆಸರಿನಲ್ಲಿ ನಡೆದವರು. ಬಹಳ ಕಟ್ಟುನಿಟ್ಟು. ಬಿರುಕಿನೊಳಗೆ ಬೆರಳು ತೂರಿಸಿ ನೋಡಿ, "ಇದು ಹಳೆಯ ಬಿರುಕು, ಮಳೆಯದಲ್ಲ" ಎಂದು ಷರಾ ಬರೆದದ್ದನ್ನು ಇವತ್ತಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಹಳೆಯ ಬಿರುಕಿಗೆ ಸರ್ಕಾರದಲ್ಲಿ ದುಡ್ಡಿರಲಿಲ್ಲ. ಈಗ ಅವರ ಪಡಸಾಲೆಯ ಗೋಡೆಯ ಮೇಲೆ ಬಣ್ಣಗಾರ ಮೂರು ಅಡಿಯ ಹಳೆಯ ಬಿರುಕೊಂದನ್ನು ಕುಂಚದಿಂದ ಬರೆದಿದ್ದಾನೆ. ಅದರ ಸುತ್ತ ಗಾರೆ ಉದುರಿ ಇಟ್ಟಿಗೆ ಇಣುಕಿದಂತೆ ಚಿತ್ರವೂ ಇದೆ. ಬಿಲ್ಲಿನಲ್ಲಿ ಅದಕ್ಕೆ ಪ್ರತ್ಯೇಕ ಸಾಲು. ನವಲಗುಂದದಲ್ಲಿ ಸಿ ವರ್ಗಕ್ಕೂ ಬಾರದ ಬಿರುಕು ಇಲ್ಲಿ ಎ ವರ್ಗದ ಅಲಂಕಾರ.

ಗೋಡೆ ನಿಂತಿರುವುದು ಎರೆಭೂಮಿಯ ಮೇಲೆ. ಎರೆಮಣ್ಣಿಗೆ ಕಾಟೇಜ್ ಗೊತ್ತಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ, ಮೇಲಿದ್ದವರನ್ನೂ ಜೊತೆಗೆ ಎಳೆಯುತ್ತದೆ. ಈ ಮೇ ತಿಂಗಳಲ್ಲಿ ಬರೆದ ಬಿರುಕಿನಿಂದ ಗೇಣು ದೂರದಲ್ಲಿ ಇನ್ನೊಂದು ಬಿರುಕು ಎದ್ದಿತು, ಕಿಟಕಿಯ ಮೂಲೆಯಿಂದ ನೆಲದವರೆಗೆ ಓರೆಯಾಗಿ. ಇದನ್ನು ಯಾರೂ ಬರೆದಿರಲಿಲ್ಲ. ಸಾಹೇಬರು ಹುಡುಗಿಗೆ ಫೋನು ಮಾಡಿ ಇದು ವಿನ್ಯಾಸದಲ್ಲಿ ಇರಲಿಲ್ಲವೆಂದು ಕೂಗಾಡಿದರು. ಅವಳು ಫೋಟೋ ತರಿಸಿಕೊಂಡು ನೋಡಿ, "ತುಂಬ ಸಹಜವಾಗಿ ಬಂದಿದೆ ಕಾಕಾ, ಹಾಗೆಯೇ ಬಿಡಿ" ಎಂದಳು. ಕೊನೆಗೆ ಬಣ್ಣಗಾರನನ್ನೇ ಕರೆಸಿದರು. ಎರಡನ್ನೂ ಟಾರ್ಚು ಹಾಕಿ ನೋಡಿದ ಅವನು, ಬರೆದದ್ದಕ್ಕೆ ಧಕ್ಕೆಯಾಗದಂತೆ ಬಿದ್ದದ್ದನ್ನು ಮುಚ್ಚುವುದು ನಾಜೂಕಿನ ಕೆಲಸ, ಬರೆಯಲು ತೆಗೆದುಕೊಂಡದ್ದರ ಎರಡು ಪಟ್ಟು ಆಗುತ್ತದೆ ಎಂದ. ಚಹಾ ತಂದಿಟ್ಟ ಅವರ ಮನೆಯವರು, "ಏನ್ರೀ, ಇದು ಎ ವರ್ಗವೋ ಸಿ ವರ್ಗವೋ?" ಎಂದು ಕೇಳಿದರು. ಸಾಹೇಬರು ಉತ್ತರ ಕೊಡದೆ ಬಣ್ಣಗಾರನ ಕಡೆ ತಿರುಗಿ ಒಂದೂವರೆ ಪಟ್ಟಿಗೆ ಕೇಳಿದರು.