ಉಸಿರು ಸಿಗದವರನ್ನು ಪ್ರಶ್ನೆ ಕೇಳಬೇಡಿ

ಮೊನ್ನೆ ರಾತ್ರಿ ಒಂದೂವರೆಗೆ ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ಇವತ್ತು ಮೂರನೇ ದಿನ. ಐಸಿಯುದಿಂದ ವಾರ್ಡಿಗೆ ತಂದಿದ್ದಾರೆ, ಬೆಳಿಗ್ಗೆ ಅರ್ಧ ಲೋಟ ಗಂಜಿ ಕುಡಿದರು, ಈಗ ಮಲಗಿದ್ದಾರೆ. ಫೋನ್ ಮಾಡಿದವರಿಗೆಲ್ಲ "ಪರವಾಗಿಲ್ಲ, ಈಗ ಆರಾಮ" ಅಂತ ಹೇಳಿ ಇಟ್ಟೆ. ಆ ರಾತ್ರಿ ನಡೆದದ್ದನ್ನು ಯಾರಿಗೂ ಹೇಳಲಿಲ್ಲ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಈಗ ಬರೆಯುತ್ತಿದ್ದೇನೆ. ಕೋಪ ಇನ್ನೂ ಇಳಿದಿಲ್ಲ.

ಅಪ್ಪನ ದಮ್ಮಿನ ವಿಷಯ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಕುಂದಾಪುರದ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದವರು. ಫೋರ್ಟಿನ ಹೋಟೆಲಿನಲ್ಲಿ ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ, ಆಮೇಲೆ ಮೂವತ್ತೈದು ವರ್ಷ ಅಡುಗೆ ಮನೆಯಲ್ಲೇ ನಿಂತವರು. ಮೊದಲು ಇದ್ದಿಲ ಭಟ್ಟಿ, ಆಮೇಲೆ ಡೀಸೆಲ್ ಭಟ್ಟಿ. ಗ್ಯಾಸ್ ಬಂದದ್ದು ಎಷ್ಟೋ ತಡವಾಗಿ. ಕಿಟಕಿಯೇ ಇಲ್ಲದ ಜಾಗ. ಒಣಮೆಣಸು ಹುರಿದ ದಿನ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ ಅಂತ ಅವರೇ ಹೇಳುತ್ತಾರೆ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಡಾಕ್ಟರು ಸಿಒಪಿಡಿ, ಅಂದರೆ ಉಸಿರಿನ ನಾಳಗಳು ಕಿರಿದಾಗುತ್ತಾ ಹೋಗುವ ಕಾಯಿಲೆ ಅಂದಾಗ ನಮಗೆ ನಂಬಿಕೆಯೇ ಬರಲಿಲ್ಲ, ಅದು ಸೇದುವವರ ಕಾಯಿಲೆ ಅಂದುಕೊಂಡಿದ್ದೆವು. ಪುಣೆಯ ಡಾ. ಸಂದೀಪ್ ಸಾಲ್ವಿ ಮತ್ತು ಲಂಡನ್ನಿನ ಪೀಟರ್ ಬಾರ್ನ್ಸ್ 2009ರಲ್ಲೇ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರಂತೆ, ಸೇದದವರಿಗೂ ಇದು ಬರುತ್ತದೆ, ಒಲೆಯ ಹೊಗೆ ದೊಡ್ಡ ಕಾರಣ ಅಂತ. ನಾನು ಓದಿದ್ದು ಅಪ್ಪನಿಗೆ ಬಂದ ಮೇಲೆ.

ಇರಲಿ. ಮೊನ್ನೆಯ ವಿಷಯಕ್ಕೆ ಬರುತ್ತೇನೆ.

ಅಪ್ಪ ಸ್ಟ್ರೆಚರ್ ಮೇಲೆ ಮುಂದಕ್ಕೆ ಬಾಗಿ, ಎರಡು ಕೈ ಊರಿಕೊಂಡು ಕೂತಿದ್ದರು. ಮಲಗಲು ಆಗುತ್ತಿರಲಿಲ್ಲ. ತುಟಿ ನೀಲಿಯಾಗಿತ್ತು. ಕ್ಯಾಶುವಲ್ಟಿಯ ಹುಡುಗ ಡಾಕ್ಟರು ಕಾಗದ ಹಿಡಿದುಕೊಂಡು ಬಂದು ಶುರು ಮಾಡಿದರು. "ಕಾಕಾ, ಎಷ್ಟು ವರ್ಷದಿಂದ ಇದೆ? ಸಿಗರೇಟ್ ಸೇದುತ್ತಿದ್ದಿರಾ? ಮೊದಲು ಅಡ್ಮಿಟ್ ಆಗಿದ್ದಿರಾ? ಯಾವ ಪಂಪ್, ಇನ್ಹೇಲರ್ ತಗೊಳ್ತೀರಿ?" ಎಲ್ಲ ಹಿಂದಿಯಲ್ಲಿ. ಅಪ್ಪ ಜೀವಮಾನದಲ್ಲಿ ಗಿರಾಕಿ ಕೇಳಿದ್ದಕ್ಕೆ ಉತ್ತರ ಕೊಡದೆ ಇದ್ದವರಲ್ಲ. ಆ ಹೊತ್ತಿನಲ್ಲೂ ಉತ್ತರ ಕೊಡಲು ನೋಡಿದರು. ಒಂದು ಶಬ್ದ, ಮೂರು ಉಸಿರು. ಇನ್ನೊಂದು ಶಬ್ದ, ಐದು ಉಸಿರು. ನಾನು "ನನ್ನನ್ನು ಕೇಳಿ, ಅವರನ್ನು ಬಿಡಿ" ಅಂತ ಕಿರುಚಿದೆ. ಕೇಳಿದರು. ನನಗೂ ಅರ್ಧಂಬರ್ಧ ಮಾತ್ರ ನೆನಪಿಗೆ ಬಂತು.

ಹದಿನಾಲ್ಕು ತಿಂಗಳ ಹಿಂದೆ ಅಪ್ಪ ಇದೇ ಆಸ್ಪತ್ರೆಯಲ್ಲಿ ಆರು ದಿನ ಇದ್ದರು. ಇದೇ ಕಟ್ಟಡ, ಇದೇ ಕ್ಯಾಶುವಲ್ಟಿ. ಹಳೆಯ ಫೈಲ್ ತೆಗೆದು ನೋಡಿ ಅಂದೆ. "ಅದು ರೆಕಾರ್ಡ್ ರೂಮಿನಲ್ಲಿರುತ್ತದೆ ಮೇಡಂ, ಬೆಳಿಗ್ಗೆ ಹತ್ತಕ್ಕೆ ತೆಗೆಯುತ್ತಾರೆ" ಅಂದರು. ಅಪ್ಪನ ಉಸಿರು ಬೆಳಿಗ್ಗೆ ಹತ್ತರ ತನಕ ಕಾಯಬೇಕಿತ್ತು.

ಅಷ್ಟು ಹೊತ್ತಿಗೆ ಡಿಪಾಸಿಟ್ ಕಟ್ಟಲು ಕರೆದರು. ಕೌಂಟರಿನಲ್ಲಿ ನನ್ನ ಮೊಬೈಲ್ ನಂಬರ್ ಹೇಳಿದೆ. ಹುಡುಗಿ ಎರಡು ಸಲ ಕೀ ಒತ್ತಿದಳು. ಅಪ್ಪನ ಹೆಸರು, ಚೆಂಬೂರಿನ ವಿಳಾಸ, ಕಳೆದ ಸಲ ಕಟ್ಟಿದ ಮೊತ್ತ, ವಾಪಸ್ ಬಂದ ಮೊತ್ತ, ಎಲ್ಲ ಪರದೆಯ ಮೇಲೆ ಬಂತು. ಹದಿನಾಲ್ಕು ತಿಂಗಳ ಹಿಂದಿನದು! ಅಲ್ಲೇ ನಿಂತು ಅತ್ತುಬಿಟ್ಟೆ. ದುಡ್ಡಿಗೆ ಹೆದರಿ ಅಳುತ್ತಿದ್ದೇನೆ ಅಂದುಕೊಂಡಳು ಪಾಪ, ನೀರು ತಂದು ಕೊಟ್ಟಳು. ಅವಳ ಮೇಲೆ ನನಗೆ ಕೋಪವಿಲ್ಲ, ಆ ಹುಡುಗ ಡಾಕ್ಟರ ಮೇಲೂ ಇಲ್ಲ. ಅವರು ಬೆಳಿಗ್ಗೆಯಿಂದ ನಿಂತೇ ಇದ್ದರು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಬಿಲ್ಲನ್ನು ಕ್ಷಣದಲ್ಲಿ ತೆಗೆಯುವ ಕಂಪ್ಯೂಟರಿಗೆ ಮನುಷ್ಯನ ಕಾಯಿಲೆಯನ್ನು ಯಾಕೆ ತೆಗೆಯಲು ಆಗುವುದಿಲ್ಲ? ಅದನ್ನು ಯಾರೂ ಅದರಲ್ಲಿ ಹಾಕಿಯೇ ಇಲ್ಲ.

ವಾಪಸ್ ಬರುವಷ್ಟರಲ್ಲಿ ಅಪ್ಪನಿಗೆ ದೊಡ್ಡ ಆಕ್ಸಿಜನ್ ಮಾಸ್ಕ್ ಹಾಕಿದ್ದರು. ರಕ್ತದ ಆಕ್ಸಿಜನ್ ಅಳೆಯುವ ಬೆರಳಿನ ಮಿಷನ್ 99 ತೋರಿಸುತ್ತಿತ್ತು. ಅಪ್ಪ ಕಣ್ಣು ಮುಚ್ಚಿದ್ದರು, ಏದುಸಿರು ನಿಂತಿತ್ತು. ನಿದ್ದೆ ಬಂತು, ದೇವರು ದೊಡ್ಡವನು ಅಂದುಕೊಂಡೆ. ಅದು ನಿದ್ದೆಯಾಗಿರಲಿಲ್ಲ. ಮೇಲಿನ ಡಾಕ್ಟರು ಬಂದು ಕರೆದರು, ಅಲುಗಾಡಿಸಿದರು, ಅಪ್ಪ ಏಳಲಿಲ್ಲ. ಮಣಿಕಟ್ಟಿನಿಂದ ರಕ್ತ ತೆಗೆದು ಪರೀಕ್ಷೆ ಮಾಡಿದರೆ ಕಾರ್ಬನ್ ಡೈಆಕ್ಸೈಡ್ 82. ಸಾಮಾನ್ಯವಾಗಿ 35ರಿಂದ 45 ಇರಬೇಕಾದ್ದು. ಕೂಡಲೇ ಆಕ್ಸಿಜನ್ ತಗ್ಗಿಸಿ, ಬೈಪ್ಯಾಪ್ (ಮಾಸ್ಕ್ ಕಟ್ಟಿ ಗಾಳಿ ಒಳಗೆ ತಳ್ಳುವ ಮಿಷನ್) ಹಾಕಿ ಮೇಲಕ್ಕೆ ಒಯ್ದರು.

ಈ ಕಾಯಿಲೆ ಇರುವ ಕೆಲವರಿಗೆ ಆಕ್ಸಿಜನ್ ಜಾಸ್ತಿ ಕೊಟ್ಟರೆ ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಅಂಥವರಿಗೆ ಮಿಷನ್ 88ರಿಂದ 92ರ ಒಳಗೆ ಇದ್ದರೆ ಸಾಕು, ಇರಬೇಕಾದ್ದೇ ಅಷ್ಟು. ಹದಿನಾಲ್ಕು ತಿಂಗಳ ಹಿಂದೆ ಇದೇ ಆಸ್ಪತ್ರೆಯ ಡಾಕ್ಟರು ಇದನ್ನು ನನಗೆ ಬಿಡಿಸಿ ಹೇಳಿದ್ದರು. ಆಗಲೂ ಅಪ್ಪನ ಕಾರ್ಬನ್ ಡೈಆಕ್ಸೈಡ್ 60ರ ಮೇಲಿತ್ತು. ಅದು ಆ ಫೈಲಿನಲ್ಲಿದೆ. ಬೀಗ ಹಾಕಿದ ಕೋಣೆಯಲ್ಲಿ, ನಾವು ನಿಂತ ಜಾಗದಿಂದ ಎರಡು ಮಹಡಿ ಕೆಳಗೆ. ಇದು ಅಪ್ಪನೊಬ್ಬರ ವಿಷಯ ಅಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸಿನಲ್ಲಿ ಬಂದ 405 ಮಂದಿಯನ್ನು ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದ್ದರು, 2010ರಲ್ಲಿ ಪ್ರಕಟವಾಯಿತು. ಆಕ್ಸಿಜನ್ ಜೋರಾಗಿ ಬಿಟ್ಟವರಲ್ಲಿ 100ಕ್ಕೆ 9 ಮಂದಿ ತೀರಿಕೊಂಡರು, ಅಳತೆ ನೋಡಿ ಕೊಟ್ಟವರಲ್ಲಿ 4. ಇಂಗ್ಲೆಂಡಿನಲ್ಲಿ ಇಂಥ ರೋಗಿಗಳ ಕೈಗೆ ಒಂದು ಸಣ್ಣ ಕಾರ್ಡ್ ಕೊಡುತ್ತಾರೆ, ಇವರಿಗೆ ಆಕ್ಸಿಜನ್ ಇಷ್ಟೇ ಕೊಡಿ ಅಂತ. ನಮಗೆ ಬೇಕಾಗಿದ್ದದ್ದು ಅಷ್ಟೇ, ಪರದೆಯ ಮೇಲೆ ಒಂದು ಸಾಲು.

ನಾನು ಯಾಕೆ ಹೇಳಲಿಲ್ಲ ಅಂತ ನೀವು ಕೇಳಬಹುದು. ಎರಡು ರಾತ್ರಿಯಿಂದ ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ. 88, 92, ಎರಡೇ ಸಂಖ್ಯೆ. ದಿನವಿಡೀ ಬ್ಯಾಂಕಿನಲ್ಲಿ ಸಂಖ್ಯೆಗಳ ನಡುವೆ ಬದುಕುವವಳು ನಾನು. ಅಪ್ಪನ ನೀಲಿ ತುಟಿ ನೋಡಿದ ಮೇಲೆ ತಲೆಯಲ್ಲಿ ಒಂದೂ ಉಳಿಯಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಮ್ಮ ಹಳೇ ಚಾಳು ರೀಡೆವಲಪ್‌ಮೆಂಟಿಗೆ ಹೋದಾಗ ಬಾಡಿಗೆ ಮನೆಗೆ ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಒಂದು ಚೀಲ ಹಳೆಯ ಕಾಗದಗಳನ್ನು ರದ್ದಿಯವನಿಗೆ ಹಾಕಿದೆ. ಅದರಲ್ಲಿ ಅಪ್ಪನ ಮೊದಲ ಊದುವ ಪರೀಕ್ಷೆಯ ರಿಪೋರ್ಟ್‌ಗಳಿದ್ದವು, ಸ್ಪೈರೋಮೆಟ್ರಿ ಅನ್ನುತ್ತಾರಲ್ವಾ, ಅವು. ಹಳೇ ಕಾಗದ ಯಾಕೆ ಅಂದುಕೊಂಡಿದ್ದೆ. ಈ ಕಾಯಿಲೆಯಲ್ಲಿ ಹಳೆಯದೇ ಮುಖ್ಯ ಅಂತ ಆಮೇಲೆ ಗೊತ್ತಾಯಿತು. ಇವತ್ತು ಒಂದು ಸೆಕೆಂಡಿನಲ್ಲಿ 1.1 ಲೀಟರ್ ಊದಿದರು ಅಂದರೆ ಅರ್ಧ ವಿಷಯ ಅಷ್ಟೇ. ಮೂರು ವರ್ಷದ ಹಿಂದೆ 1.2 ಇತ್ತಾ, 1.7 ಇತ್ತಾ? ನಿಧಾನಕ್ಕೆ ಇಳಿಯುತ್ತಿದೆಯಾ, ಜಾರುತ್ತಿದೆಯಾ? ಮಾಟುಂಗದ ಡಾಕ್ಟರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದು ಯಾವುದೋ ಪೊಟ್ಟಣವಾಗಿ ಹೋಗಿತ್ತು.

ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಒಬ್ಬ ಮನುಷ್ಯನ ಶ್ವಾಸಕೋಶದ ಇತಿಹಾಸ ಮಗಳ ಕೈಯ ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಯಾಕೆ ಇರಬೇಕು? ಡಾಕ್ಟರುಗಳಿಗಾಗಿ 2002ರಲ್ಲಿ ಮಾಡಿದ ನಿಯಮ ಇದೆ. ಒಳರೋಗಿಯ ದಾಖಲೆ ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮೂರು ವರ್ಷ! ಇಪ್ಪತ್ತು ವರ್ಷ ಜೊತೆಗಿರುವ ಕಾಯಿಲೆ ಇದು. ಕಾಗದ ಮತ್ತು ಗೋದಾಮಿನ ಕಾಲಕ್ಕೆ ಮೂರು ವರ್ಷ ಸರಿ ಇದ್ದಿರಬಹುದು.

ಲೆಕ್ಕ ತಪ್ಪುವುದು ಹೇಗೆ ಅಂತ ನೋಡಿ. ಈ ಕಾಯಿಲೆಗೆ ಮದ್ದು ನಿರ್ಧಾರವಾಗುವುದು ಹೆಚ್ಚಾಗಿ ವರ್ಷಕ್ಕೆ ಎಷ್ಟು ಸಲ ಜೋರಾಯಿತು ಅನ್ನುವುದರ ಮೇಲೆ. ಕಳೆದ ಮಳೆಗಾಲದಲ್ಲಿ ಅಪ್ಪನಿಗೆ ಒಂದು ಸಲ ಆಯಿತು, ಕೆಳಗಿನ ಕ್ಲಿನಿಕ್ಕಿನಲ್ಲಿ ಐದು ದಿನದ ಸ್ಟೆರಾಯ್ಡ್ ಮಾತ್ರೆ ಕೊಟ್ಟರು. ಊರಿಗೆ ಹೋದಾಗ ಒಂದು ಸಲ, ಅಲ್ಲಿ ಬೇರೆ ಡಾಕ್ಟರು, ಮತ್ತೆ ಸ್ಟೆರಾಯ್ಡ್. ದೀಪಾವಳಿ ಕಳೆದ ಮೇಲೆ ಇಲ್ಲಿ ಗಾಳಿ ಹಾಳಾದಾಗ ಇನ್ನೊಂದು ಸಲ, ತಮ್ಮನ ಮನೆಯ ಹತ್ತಿರ, ಮುಲುಂಡಿನಲ್ಲಿ. ಮೂವರು ಡಾಕ್ಟರುಗಳೂ ಇದು ಒಂದೇ ಸಲ ಅಂದುಕೊಂಡಿದ್ದರು. ಮೂರು ಅಂತ ಎಣಿಸಿದವರು ಯಾರೂ ಇಲ್ಲ. ಎಣಿಸಿದ್ದರೆ ಪಂಪ್ ಬದಲಾಗುತ್ತಿತ್ತೋ ಏನೋ, ಮೊನ್ನೆಯ ರಾತ್ರಿ ಬರುತ್ತಿರಲಿಲ್ಲವೋ ಏನೋ. ಒಂದು ಕಾಗದದಲ್ಲಿ ಅಸ್ತಮಾ, ಇನ್ನೊಂದರಲ್ಲಿ ಬ್ರಾಂಕೈಟಿಸ್, ಮತ್ತೊಂದರಲ್ಲಿ ಸಿಒಪಿಡಿ ಅಂತ ಬರೆದಿದೆ.

ರಕ್ತದಲ್ಲಿ ಇಸಿನೋಫಿಲ್ ಅಂತ ಒಂದು ಕಣ ಇದೆ. ಅದು 300ಕ್ಕಿಂತ ಜಾಸ್ತಿ ಇರುವವರಿಗೆ ಸ್ಟೆರಾಯ್ಡ್ ಇರುವ ಪಂಪಿನಿಂದ ಒಳ್ಳೆಯ ಉಪಯೋಗ, 100ಕ್ಕಿಂತ ಕಡಿಮೆ ಇದ್ದರೆ ಅಷ್ಟಾಗಿ ಇಲ್ಲ. ಆದರೆ ಸ್ಟೆರಾಯ್ಡ್ ಮಾತ್ರೆ, ಇಂಜೆಕ್ಷನ್ ಹೋದ ಮೇಲೆ ಆ ಸಂಖ್ಯೆ ಕುಸಿಯುತ್ತದೆ. ಆಸ್ಪತ್ರೆಯಲ್ಲಿ ಇವತ್ತು ನೋಡಿದ್ದನ್ನು ನಂಬುವ ಹಾಗಿಲ್ಲ, ಆರೋಗ್ಯ ಚೆನ್ನಾಗಿದ್ದ ದಿನದ ಹಳೆಯ ರಿಪೋರ್ಟ್ ಬೇಕು. ಮತ್ತೆ ಅದೇ ಚೀಲ.

"ಆಭಾ ಕಾರ್ಡ್ ಇದೆಯಲ್ಲ?" ಅಂತ ನಿನ್ನೆ ನೋಡಲು ಬಂದ ಗೆಳತಿ ಕೇಳಿದಳು. ಇದೆ. ಒಬ್ಬರ ಆರೋಗ್ಯ ದಾಖಲೆಗಳನ್ನೆಲ್ಲ ಜೋಡಿಸುವ 14 ಅಂಕಿಯ ನಂಬರ್. 2021ರ ಸೆಪ್ಟೆಂಬರಿನಲ್ಲಿ ಕೇಂದ್ರದವರು ದೇಶಕ್ಕೆಲ್ಲ ಶುರು ಮಾಡಿದ ಯೋಜನೆ. ನಾನೇ ಅಪ್ಪನ ಆಧಾರ್ ಹಾಕಿ ಮಾಡಿಸಿದೆ, ತುಂಬಾ ಆಸೆಯಿಂದ. ಯೋಜನೆ ಒಳ್ಳೆಯದೇ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಇರುತ್ತದೆ, ರೋಗಿ ಒಪ್ಪಿದರೆ ಮಾತ್ರ ಇನ್ನೊಂದು ಕಡೆ ತೆರೆಯುತ್ತದೆ. ಆದರೆ ಇಲ್ಲಿಯ ತನಕ ನಮಗೆ ಅದು ಉಪಯೋಗಕ್ಕೆ ಬಂದದ್ದು ಓಪಿಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ತೆಗೆಯಲಿಕ್ಕೆ ಮಾತ್ರ. ನಿನ್ನೆ ರಾತ್ರಿ ಇದೇ ಬೆಂಚಿನಲ್ಲಿ ಕೂತು ಆ್ಯಪ್ ತೆರೆದೆ. ಅಪ್ಪನ ಫೋಟೋ ಇದೆ, ಹುಟ್ಟಿದ ವರ್ಷ ಇದೆ. ದಾಖಲೆಗಳ ಜಾಗದಲ್ಲಿ ಏನೂ ಇಲ್ಲ. ಆರು ದಿನದ ಅಡ್ಮಿಷನ್ ಇಲ್ಲ, ಎಕ್ಸ್‌ರೇ ಇಲ್ಲ, ಊದುವ ಪರೀಕ್ಷೆ ಇಲ್ಲ.

ಗುಟ್ಟು ಬಯಲಾಗುತ್ತದೆ ಅನ್ನುವವರಿದ್ದಾರೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್‌ನ ಸರ್ವರುಗಳ ಮೇಲೆ ದಾಳಿಯಾಗಿ ಎಷ್ಟೋ ದಿನ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಾಯಿತು. ನಿಜ. ಕಾವಲು ಗಟ್ಟಿ ಮಾಡಬೇಕು, ಅದಕ್ಕಾಗಿ ದುಡ್ಡು ಸುರಿಯಬೇಕು. ಆದರೆ ಬ್ಯಾಂಕಿನಲ್ಲಿ ಕೋರ್ ಬ್ಯಾಂಕಿಂಗ್ ಬಂದಾಗಲೂ ಇದೇ ಮಾತು ಕೇಳಿದ್ದೇನೆ. ಇವತ್ತು ಕುಂದಾಪುರದಲ್ಲಿ ತೆರೆದ ಖಾತೆಯ ಹಣವನ್ನು ಚೆಂಬೂರಿನಲ್ಲಿ ತೆಗೆಯುತ್ತೇವೆ. ಯಾರೂ ಲೆಡ್ಜರಿಗೆ ವಾಪಸ್ ಹೋಗೋಣ ಅನ್ನುವುದಿಲ್ಲ. ಡಾಕ್ಟರುಗಳಿಗೆ ಟೈಪ್ ಮಾಡಲು ಪುರುಸೊತ್ತೆಲ್ಲಿ ಅಂತಲೂ ಹೇಳುತ್ತಾರೆ. ಈ ಮಾತಿಗೆ ನನ್ನಲ್ಲಿ ಸ್ವಲ್ಪ ಮರುಕ ಇದೆ, ನೂರು ಮಂದಿಯ ಸಾಲಿನ ಮುಂದೆ ಕೂತವರನ್ನು ನೋಡಿದ್ದೇನೆ. ಹಾಗಾದರೆ ಟೈಪ್ ಮಾಡಲು ಒಬ್ಬರನ್ನು ಕೊಡಿ. ಬಿಲ್ಲು ಹಾಕಲು ಕೊಟ್ಟಿದ್ದೀರಲ್ಲ? ನಮ್ಮ ದೇಶಕ್ಕೆ ಆಗದ್ದೇನೂ ಅಲ್ಲ ಇದು. ಟಿಬಿ ರೋಗಿಗಳಿಗಾಗಿ 2012ರಿಂದ ನಿಕ್ಷಯ್ ಅನ್ನುವ ಸರ್ಕಾರಿ ಕಂಪ್ಯೂಟರ್ ದಾಖಲೆ ಇದೆ, ಯಾರಿಗೆ ಯಾವ ಮದ್ದು ಶುರುವಾಯಿತು, ಮುಗಿಯಿತಾ ಅಂತ ನೋಡುತ್ತಾರೆ. ಕೋವಿಡ್ ಲಸಿಕೆಯ ಸರ್ಟಿಫಿಕೇಟ್ ಇನ್ನೂ ನಿಮ್ಮ ಫೋನಿನಲ್ಲಿದೆ ಅಲ್ವಾ? 1990ರಲ್ಲಿ 2.81 ಕೋಟಿ ಇದ್ದ ಸಿಒಪಿಡಿ ರೋಗಿಗಳು 2016ಕ್ಕೆ 5.53 ಕೋಟಿ ಆದರು ಅಂತ ಲ್ಯಾನ್ಸೆಟ್‌ನ ಲೆಕ್ಕವೇ ಹೇಳುತ್ತದೆ. ಇಷ್ಟು ಮಂದಿಗೆ ಒಂದು ನಿಕ್ಷಯ್ ಬೇಡವಾ?

ನನ್ನ ಸಿಟ್ಟು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ಸಕ್ಕರೆ ಕಾಯಿಲೆಯವರು ಡಾಕ್ಟರ ಮುಂದೆ ಕೂತು ಎಲ್ಲವನ್ನೂ ಹೇಳಬಹುದು. ಮಂಡಿ ನೋವಿನವರು ಹೇಳಬಹುದು. ದಮ್ಮಿನವರಿಗೆ ಹೇಳಬೇಕಾದ ಹೊತ್ತಿನಲ್ಲೇ ಉಸಿರಿರುವುದಿಲ್ಲ. ಇವರ ಪರವಾಗಿ ದಾಖಲೆಯೇ ಮಾತಾಡಬೇಕು.

ಇವತ್ತು ಮಧ್ಯಾಹ್ನ ಅಪ್ಪ ಸ್ವಲ್ಪ ಮಾತಾಡಿದರು. "ಆ ಹುಡುಗನಿಗೆ ನಾನು ಸರಿಯಾಗಿ ಹೇಳ್ಲಿಲ್ಲ ಮಗಾ" ಅಂದರು. ಡಾಕ್ಟರ ಪ್ರಶ್ನೆಗೆ ಉತ್ತರ ಕೊಡಲಾಗದ್ದು ತನ್ನ ತಪ್ಪು ಅಂತ ಅವರ ಮನಸ್ಸಿನಲ್ಲಿ ಕೂತಿದೆ. ಏನು ಹೇಳಲಿ ನಾನು?

ಈಗ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಸಿಒಪಿಡಿ, ಆಕ್ಸಿಜನ್ 88ರಿಂದ 92, ಬೈಪ್ಯಾಪ್ ಎರಡು ಸಲ, ಪಂಪುಗಳ ಹೆಸರು, ತಮ್ಮನ ನಂಬರ್, ನನ್ನ ನಂಬರ್. ನರ್ಸ್ ಸಿಸ್ಟರ್ ಅದನ್ನು ಲ್ಯಾಮಿನೇಟ್ ಮಾಡಿಸಿ ಅಂದರು, ಅಪ್ಪನ ಅಂಗಿಯ ಜೇಬಿಗೆ ಹಾಕಲು. ಎರಡೂ ಸಲದ ಪೂರ್ತಿ ದಾಖಲೆ ಕೊಡಿ, ಆಭಾಗೆ ಸೇರಿಸಿ ಅಂತ ಅರ್ಜಿಯನ್ನೂ ಬರೆದಿದ್ದೇನೆ. ನಾಳೆ ಹತ್ತಕ್ಕೆ ರೆಕಾರ್ಡ್ ರೂಮ್ ತೆಗೆಯುತ್ತದೆ. ಒಂಬತ್ತೂವರೆಗೇ ಹೋಗಿ ಬಾಗಿಲ ಮುಂದೆ ನಿಲ್ಲುತ್ತೇನೆ.